ರಸ್ತೆಯಿಲ್ಲದ ಊರಿನಲ್ಲಿ ಒಂದು ಸಾದಾ ಕೋಣೆ



ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಅಮೆಜಾನ್ ಮಳೆಕಾಡಿನ ನಡುವೆ ಇಕಿಟೋಸ್ ಎಂಬ ನಗರವಿದೆ. ನಾಲ್ಕು ಲಕ್ಷದ ಆಸುಪಾಸು ಜನ ಅಲ್ಲಿದ್ದಾರೆ. ಲೊರೆಟೊ ಪ್ರಾಂತ್ಯಕ್ಕೆ ಅದೇ ರಾಜಧಾನಿ. ವಿಶ್ವವಿದ್ಯಾಲಯ, ಆಸ್ಪತ್ರೆ, ಕೋರ್ಟು, ಬ್ಯಾಂಕು, ವಿಮಾನ ನಿಲ್ದಾಣ ಎಲ್ಲವೂ ಇವೆ. ಆದರೆ ದೇಶದ ಬೇರೆ ಯಾವ ನಗರದಿಂದಲೂ ಅಲ್ಲಿಗೆ ರಸ್ತೆಯಿಲ್ಲ. ರಸ್ತೆಯಲ್ಲಿ ತಲುಪಲಾಗದ ಜಗತ್ತಿನ ಅತಿ ದೊಡ್ಡ ನಗರವೆಂದೇ ಅದು ಹೆಸರಾಗಿದೆ. ಹೋಗುವವರು ವಿಮಾನದಲ್ಲಿ ಹೋಗಬೇಕು, ಇಲ್ಲವೇ ನದಿಯಲ್ಲಿ ಹೋಗಬೇಕು. ಊರಿನಿಂದ ಹೊರಡುವ ದೊಡ್ಡ ರಸ್ತೆಯೊಂದೇ. ಅದು ಸುಮಾರು 100 ಕಿಲೋಮೀಟರ್ ಕಾಡಿನಲ್ಲಿ ಸಾಗಿ ನೌಟಾ ಎಂಬ ಇನ್ನೊಂದು ನದಿದಡದ ಊರಿನಲ್ಲಿ ಮುಗಿದುಹೋಗುತ್ತದೆ.

ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಊರಿನ ಸಾದಾ ಹೋಟೆಲುಗಳ ಬಗ್ಗೆ. ಫ್ಯಾನು, ಹಾಸಿಗೆ, ತಣ್ಣೀರಿನ ಸ್ನಾನ, ಬಾಗಿಲಿಗೊಂದು ಚಿಲಕ, ಇಷ್ಟಿರುವ ಕೋಣೆಗಳು. ಪ್ರವಾಸದ ಮಾತು ಬಂದಾಗ ಇಂಥ ಜಾಗಗಳನ್ನು ನಾವು ದುಡ್ಡು ಉಳಿಸುವ ಉಪಾಯವೆಂದಷ್ಟೇ ಎಣಿಸುತ್ತೇವೆ. ಅಲ್ಲಿ ಉಳಿದು ಬಂದ ಮೇಲೆ ನನಗೆ ಬೇರೆಯೇ ಒಂದು ಮಾತು ಮನಸ್ಸಿಗೆ ಬಂದಿದೆ. ಪ್ರತಿಯೊಂದು ಊರಿಗೂ ಅದರದೇ ಆದ ಒಂದು ಅಳತೆಯಿದೆ. ಎಷ್ಟು ನೀರು, ಎಷ್ಟು ಕರೆಂಟು, ಎಷ್ಟು ತಂಪು, ಎಷ್ಟು ಆತುರ ಅಲ್ಲಿ ಸಾಧ್ಯ ಎಂಬ ಅಳತೆ. ಮಳೆಕಾಡಿನ ನಡುವಿನ ನಗರವನ್ನು ಅರಿಯಬೇಕೆನ್ನುವವರು ಆ ಅಳತೆಯೊಳಗೆ ಕೆಲವು ದಿನವಾದರೂ ಬದುಕಬೇಕು. ಅದಕ್ಕೆ ಸಾದಾ ಹೋಟೆಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ರಾಜಧಾನಿ ಲೀಮಾದಿಂದ ಇಕಿಟೋಸ್‌ಗೆ ವಿಮಾನದಲ್ಲಿ ಎರಡು ಗಂಟೆಯೊಳಗಿನ ದಾರಿ. ಕಡಲತೀರದ ಮರಳುಗಾಡು, ಆಮೇಲೆ ಆಂಡಿಸ್ ಪರ್ವತದ ಹಿಮ, ಅದು ದಾಟಿತೆಂದರೆ ಹಸಿರು. ಕಿಟಕಿಯಿಂದ ನೋಡುತ್ತಿದ್ದರೆ ಹಸಿರಿಗೆ ಕೊನೆಯೇ ಕಾಣುವುದಿಲ್ಲ. ಅದರ ನಡುವೆ ಕಂದುಬಣ್ಣದ ನದಿಗಳು ಸುತ್ತಿ ಬಳಸಿ ಹರಿಯುತ್ತವೆ. ಮಾರಾನ್ಯೋನ್ ಮತ್ತು ಉಕಯಾಲಿ ಎಂಬ ಎರಡು ನದಿಗಳು ನೌಟಾದ ಹತ್ತಿರ ಕೂಡುತ್ತವೆ. ಪೆರುವಿನವರು ಅಮೆಜಾನ್ ಎಂದು ಕರೆಯುವುದು ಅಲ್ಲಿಂದ ಮುಂದಿನ ಹರಿವನ್ನು. ಇಕಿಟೋಸ್ ಇರುವುದು ಸಮುದ್ರಮಟ್ಟಕ್ಕಿಂತ ನೂರು ಮೀಟರಿಗೆ ತುಸು ಹೆಚ್ಚು ಎತ್ತರದಲ್ಲಿ. ಅಲ್ಲಿಂದ ಅಟ್ಲಾಂಟಿಕ್ ಸಾಗರಕ್ಕೆ ನದಿಯಲ್ಲಿ ಸುಮಾರು 3,600 ಕಿಲೋಮೀಟರ್. ಲೆಕ್ಕ ಹಾಕಿ ನೋಡಿ, ಕಿಲೋಮೀಟರಿಗೆ ಸರಾಸರಿ ಮೂರು ಸೆಂಟಿಮೀಟರಿನಷ್ಟೇ ಇಳಿಜಾರು. ಅಷ್ಟು ನಿಧಾನವಾಗಿ, ಅಷ್ಟು ಅಗಲವಾಗಿ ಹರಿಯುವ ನೀರು ಅದು. ಹಾಗಾಗಿಯೇ ಸಾಗರದ ಹಡಗುಗಳು ಇಷ್ಟು ಒಳನಾಡಿಗೆ ಬರಬಲ್ಲವು.

ಊರಿನ ಮಂದಿಗೆ ವಿಮಾನ ದುಬಾರಿ. ಅವರು ಓಡಾಡುವುದು ಲಾಂಚಾ ಎನ್ನುವ ದೋಣಿಗಳಲ್ಲಿ. ಕೆಳಗಿನ ಅಂತಸ್ತಿನಲ್ಲಿ ಸಿಮೆಂಟು, ಈರುಳ್ಳಿ, ಬಿಯರ್ ಪೆಟ್ಟಿಗೆ, ಕೋಳಿ, ದನ. ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಕಟ್ಟಿದ ಬಟ್ಟೆಯ ಜೋಲಿಗಳು, ಅವುಗಳಲ್ಲಿ ಮಲಗಿದ ಪ್ರಯಾಣಿಕರು. ರಸ್ತೆಯ ಕೊನೆಯಿರುವ ಯೂರಿಮಾಗ್ವಾಸ್‌ಗೆ ನದಿಯ ಮೇಲ್ಮುಖವಾಗಿ ಹೋಗಲು ಎರಡು ಮೂರು ದಿನ ಬೇಕು, ಪುಕಾಲ್ಪಾ ಎಂಬ ಊರಿಗೆ ಇನ್ನೂ ಹೆಚ್ಚು. ಹೊರಗಿನಿಂದ ಬರುವ ಒಂದು ಮೊಳೆಯೂ, ಒಂದು ಬಲ್ಬೂ, ಹೋಟೆಲಿನ ಒಂದು ಬಕೆಟ್ಟೂ ಹೀಗೇ ಬರಬೇಕು. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಕೋಣೆಯೊಳಗಿನ ಪ್ರತಿಯೊಂದು ವಸ್ತುವೂ ಬೇರೆಯಾಗಿಯೇ ಕಾಣುತ್ತದೆ.

ವಿಮಾನ ನಿಲ್ದಾಣದಿಂದ ಊರಿಗೆ ಕರೆತರುವುದು ಮೋಟೊಕಾರ್ರೊ, ಅಂದರೆ ಮುಂದೆ ಬೈಕು, ಹಿಂದೆ ಇಬ್ಬರು ಮೂವರು ಕೂರುವ ಸೀಟು, ಮೇಲೊಂದು ಹೊದಿಕೆ. ರಸ್ತೆ ಸಂಪರ್ಕವಿಲ್ಲದ ಊರಿಗೆ ಕಾರು ತರಿಸುವವರು ಕಡಿಮೆ, ಹಾಗಾಗಿ ಬೀದಿ ಪೂರ್ತಿ ಇವುಗಳದೇ. ಸದ್ದು ವಿಪರೀತ. ದಟ್ಟಕಾಡಿನ ಮೌನವನ್ನು ನಿರೀಕ್ಷಿಸಿ ಬಂದವರಿಗೆ ಇಕಿಟೋಸ್ ಮೊದಲು ಕೊಡುವುದೇ ಸಾವಿರಾರು ಬೈಕುಗಳ ಗದ್ದಲ. ನನಗೆ ಆ ಗದ್ದಲ ಮುಖ್ಯವೆನಿಸಿತು. ಮಳೆಕಾಡು ಎಂದೊಡನೆ ಜನರೇ ಇಲ್ಲದ ಹಸಿರನ್ನು ಕಲ್ಪಿಸಿಕೊಳ್ಳುತ್ತೇವೆ. ಅಮೆಜಾನ್ ಕಾಡಿನಲ್ಲಿ ಲಕ್ಷಾಂತರ ಜನ ನಗರವಾಸಿಗಳು. ಬೆಳಿಗ್ಗೆ ಸಮವಸ್ತ್ರ ತೊಟ್ಟು ಶಾಲೆಗೆ ಹೋಗುವ ಮಕ್ಕಳು, ಕಚೇರಿಗೆ ಓಡುವ ಗುಮಾಸ್ತರು, ಅಂಗಡಿ ಬಾಗಿಲು ತೆರೆಯುವ ಹೆಂಗಸರು. ಕಾಡನ್ನು ಉಳಿಸುವ ಮಾತು ಇವರನ್ನು ಬಿಟ್ಟು ಆಡುವಂಥದ್ದಲ್ಲ.

ನಾನು ಉಳಿದದ್ದು ಪ್ರೋಸ್ಪೆರೋ ಎಂಬ ಮುಖ್ಯ ಬೀದಿಯಿಂದ ಸ್ವಲ್ಪ ಒಳಗೆ, ಒಂದು ಕುಟುಂಬ ನಡೆಸುವ ಮೂರಂತಸ್ತಿನ ಲಾಡ್ಜಿನಲ್ಲಿ. ಕೆಳಗೆ ಅವರ ಮನೆ, ಮೇಲೆ ಬಾಡಿಗೆ ಕೋಣೆಗಳು. ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು. ಪಾಸ್‌ಪೋರ್ಟಿನ ನಂಬರು, ಯಾವ ಊರಿಂದ ಬಂದಿರಿ, ಮುಂದೆ ಎಲ್ಲಿಗೆ ಎಂದು ಅದರಲ್ಲಿ ಬರೆಯಬೇಕು. ಗೋಡೆಯ ಮೇಲೆ ದರಪಟ್ಟಿ. ಫ್ಯಾನಿನ ಕೋಣೆಗೆ ಒಂದು ಬೆಲೆ, ಎಸಿ ಕೋಣೆಗೆ ಹೆಚ್ಚುಕಡಿಮೆ ಅದರ ಎರಡರಷ್ಟು.

ನನ್ನ ಕೋಣೆಯಲ್ಲಿ ಮಂಚ, ತೆಳುವಾದ ಹಾಸಿಗೆ, ಒಂದು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹೊಡೆದ ಮೊಳೆಗಳು, ಮತ್ತು ಬಾಗಿಲಿನ ಮೇಲ್ಭಾಗದಲ್ಲಿ ಜಾಲರಿ ಹಾಕಿದ ಕಿಂಡಿ ಇದ್ದವು. ಕಿಟಕಿ ತೆರೆಯುವುದು ಬೀದಿಗಲ್ಲ, ಒಳಗಿನ ಮೊಗಸಾಲೆಗೆ. ಮೊದಲಿಗೆ ಇದು ವಿಚಿತ್ರವೆನಿಸಿತು. ಮಧ್ಯಾಹ್ನವಾದಾಗ ಕಾರಣ ತಿಳಿಯಿತು. ಬೀದಿಯ ಬಿಸಿಲೂ ಬೈಕಿನ ಹೊಗೆಯೂ ನೇರವಾಗಿ ಒಳಗೆ ಬರುವುದಿಲ್ಲ. ಮೊಗಸಾಲೆಯ ನಡುವೆ ಆಕಾಶಕ್ಕೆ ತೆರೆದ ಒಂದು ಸಣ್ಣ ತೊಟ್ಟಿಯಿದೆ, ಬಿಸಿಗಾಳಿ ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಬಾಗಿಲ ಕಿಂಡಿಯಿಂದ ತುಸು ತಂಪಾದ ಗಾಳಿ ಒಳಗೆ ಬರುತ್ತದೆ. ಫ್ಯಾನು ಅದನ್ನು ಕೋಣೆ ತುಂಬ ಹರಡುತ್ತದೆ. ಹಗಲು 31, 32 ಡಿಗ್ರಿ, ರಾತ್ರಿ 22, 23. ಅಂಕಿಯಲ್ಲಿ ಹೇಳಿದರೆ ಇದೇನು ಮಹಾ ಸೆಖೆಯಲ್ಲ. ಗಾಳಿಯ ತೇವದಿಂದಾಗಿ ಮೈಮೇಲಿನ ಬೆವರು ಆರುವುದೇ ಇಲ್ಲ. ಅಲ್ಲಿನವರು ದಿನಕ್ಕೆ ಎರಡು ಮೂರು ಸಲ ತಣ್ಣೀರು ಸುರಿದುಕೊಳ್ಳುವುದು ಅದಕ್ಕಾಗಿಯೇ. ಒಂದೆರಡು ದಿನ ಕಳೆದ ಮೇಲೆ ಬಿಸಿನೀರಿನ ನೆನಪೂ ಬರುವುದಿಲ್ಲ.

ಎಸಿ ಕೋಣೆಯ ಬೆಲೆ ಏಕೆ ಹೆಚ್ಚು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆರುವಿನ ರಾಷ್ಟ್ರೀಯ ವಿದ್ಯುತ್ ಜಾಲ ಇಕಿಟೋಸ್‌ನವರೆಗೆ ತಲುಪಿಲ್ಲ. ಕಾಡು, ಜೌಗು, ನದಿಗಳನ್ನು ದಾಟಿಸಿ ತಂತಿ ಎಳೆಯುವುದು ಸುಲಭವಲ್ಲ, ಎಳೆದರೆ ಆ ಪಟ್ಟಿಯ ಕಾಡು ಹೋಗುತ್ತದೆ. ಹಾಗಾಗಿ ಊರಿಗೆ ಬೇಕಾದ ಕರೆಂಟನ್ನು ಊರಿನಲ್ಲೇ ತೈಲ ಸುಟ್ಟು ಮಾಡುತ್ತಾರೆ. ಜಗತ್ತಿನಲ್ಲೇ ಹೆಚ್ಚು ನೀರು ಹರಿಸುವ ನದಿಯ ದಡದಲ್ಲಿರುವ ನಗರ ದೀಪ ಹಚ್ಚುವುದು ಎಣ್ಣೆಯಿಂದ. ನದಿಗೆ ಇಳಿಜಾರಿಲ್ಲವಲ್ಲ, ಅಲ್ಲಿ ನೀರಿನಿಂದ ವಿದ್ಯುತ್ ತೆಗೆಯುವುದು ಹೇಗೆ? ಇದು ಗೊತ್ತಾದ ಮೇಲೆ ಫ್ಯಾನಿನ ಕೋಣೆ ನನಗೆ ಬಡತನದ ಗುರುತಾಗಿ ಕಾಣಲಿಲ್ಲ. ಆ ಊರಿಗೆ ಸಲ್ಲುವ ಸೌಕರ್ಯ ಅಷ್ಟು ಎಂದಾಯಿತು.

ನೀರಿನದೂ ಹಾಗೆಯೇ. ಮೂರೂ ಕಡೆ ನದಿ, ಒಂದು ಕಡೆ ಅಮೆಜಾನ್, ಮತ್ತೆ ನನಾಯ್, ಇತಾಯಾ. ಆದರೂ ನಲ್ಲಿಯಲ್ಲಿ ನೀರು ಬರುವುದು ದಿನದ ಕೆಲವು ಹೊತ್ತು ಮಾತ್ರ. ನದಿಯ ಕೆಸರುನೀರನ್ನು ತಿಳಿಮಾಡಿ ಮೇಲಕ್ಕೆತ್ತಲು ಮತ್ತೆ ಅದೇ ಎಣ್ಣೆಯ ಕರೆಂಟು ಬೇಕು. ಪ್ರತಿ ತಾರಸಿಯ ಮೇಲೂ ಕಪ್ಪು ಟ್ಯಾಂಕುಗಳು. ಲಾಡ್ಜಿನ ಒಡತಿ, ಎಲ್ಲರೂ ಅವರನ್ನು ಸೆನ್ಯೋರಾ ಎನ್ನುತ್ತಿದ್ದರು, ಬೆಳಿಗ್ಗೆ ಕೋಣೆಕೋಣೆಯ ಬಾಗಿಲು ತಟ್ಟಿ, “ಸ್ನಾನ ಮಾಡುವವರು ಈಗಲೇ ಮಾಡಿಬಿಡಿ, ಬಟ್ಟೆ ಒಗೆಯುವುದಿದ್ದರೆ ಕೊಡಿ” ಎಂದು ಹೇಳಿಹೋಗುತ್ತಿದ್ದರು. ನನಗೆ ಸ್ಪ್ಯಾನಿಷ್ ಅಷ್ಟಿಷ್ಟು ಬರುತ್ತಿತ್ತು, ಉಳಿದದ್ದನ್ನು ಅವರು ಕೈಯಲ್ಲಿ ತೋರಿಸುತ್ತಿದ್ದರು. ಟ್ಯಾಂಕಿಗೆ ಎಷ್ಟು ನೀರು ಬಂತು, ಯಾರ ಕೋಣೆಯಲ್ಲಿ ಎಷ್ಟು ಜನ, ಸಂಜೆಗೆ ಎಷ್ಟು ಉಳಿಯಬೇಕು, ಈ ಲೆಕ್ಕ ಅವರ ತಲೆಯಲ್ಲಿ ಸದಾ ಓಡುತ್ತಿತ್ತು.

ಇನ್ನು ಮಳೆಯ ವಿಚಾರ. ಮಲೆನಾಡಿನ ಕೇಳುಗರಿಗೆ ಇದು ಆಸಕ್ತಿಯ ಮಾತಾದೀತು. ಇಕಿಟೋಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿಲಿಮೀಟರಿಗೆ ಹತ್ತಿರ. ನಮ್ಮ ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ಮಳೆಯ ಮೊತ್ತದಲ್ಲಿ ಆಗುಂಬೆಯದೇ ಮೇಲುಗೈ, ಅರ್ಧಕ್ಕಿಂತ ಕಡಿಮೆ ಮಳೆ ಪಡೆಯುವ ಇಕಿಟೋಸ್ ಅಮೆಜಾನ್ ಕಾಡಿನ ನಡುಮಧ್ಯದ ಊರು. ವ್ಯತ್ಯಾಸವಿರುವುದು ಹಂಚಿಕೆಯಲ್ಲಿ. ಆಗುಂಬೆಯ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಒಣಹವೆ. ಇಕಿಟೋಸ್‌ನಲ್ಲಿ ಒಣ ತಿಂಗಳೆಂಬುದೇ ಇಲ್ಲ. ಸಮಭಾಜಕ ವೃತ್ತಕ್ಕೆ ನಾಲ್ಕು ಡಿಗ್ರಿಯಷ್ಟೇ ದಕ್ಷಿಣಕ್ಕಿರುವ ಊರು, ಬಿಸಿಲು ಏರಿದಂತೆ ಕಾಡು ಬಿಟ್ಟ ಆವಿ ಮೋಡವಾಗಿ ಅಲ್ಲಿಯೇ ಸುರಿಯುತ್ತದೆ. ಆಗಸ್ಟಿನಲ್ಲೂ ಮಳೆ, ಜನವರಿಯಲ್ಲೂ ಮಳೆ.

ಇಂಥ ಮಳೆಯ ಊರಿನಲ್ಲಿ ಕೋಣೆ ಹಿಡಿದರೆ ಮಾಡಬೇಕಾದ ಕೆಲಸಗಳು ಕೆಲವಿವೆ. ಒಗೆದ ಬಟ್ಟೆ ಬಿಸಿಲಿಗೆ ಹಾಕಿದ ಅರ್ಧ ಗಂಟೆಗೆ ಮೋಡ ಬರುತ್ತದೆ. ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಗಿಸುವುದೇ ಸರಿ. ಚರ್ಮದ ಬೆಲ್ಟು, ಪರ್ಸು ವಾರದೊಳಗೆ ಬೂಷ್ಟು ಹಿಡಿಯುತ್ತವೆ. ಊಟದ ಮೇಜಿನ ಉಪ್ಪಿನ ಡಬ್ಬಿಯಲ್ಲಿ ನಾಲ್ಕು ಅಕ್ಕಿಕಾಳು ಹಾಕಿಟ್ಟಿದ್ದರು, ತೇವ ಹೀರಲೆಂದು. ಮಳೆ ಬಂದಾಗ ತಗಡಿನ ಮಾಡಿನ ಮೇಲೆ ಎಂಥ ಸದ್ದೆಂದರೆ ಎದುರು ಕುಳಿತವರ ಮಾತು ಕೇಳಿಸದು. ಬೀದಿಯಲ್ಲಿ ಮೋಟೊಕಾರ್ರೊದವರು ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡು ನಿಲ್ಲುತ್ತಾರೆ. ಅಂಗಡಿಯವರು ಸಾಮಾನನ್ನು ಒಂದು ಮಾರು ಒಳಕ್ಕೆ ಎಳೆಯುತ್ತಾರೆ. ಯಾರೂ ಬೇಸರಿಸುವುದಿಲ್ಲ. ಮುಕ್ಕಾಲು ಗಂಟೆ ಸುರಿದು ನಿಂತಮೇಲೆ ಎಲ್ಲವೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಸೊಳ್ಳೆಯ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಇಕಿಟೋಸ್‌ನಲ್ಲಿ ಎರಡು ಬಗೆಯ ಸೊಳ್ಳೆಗಳ ಕಾಟ. ಹಗಲು ಕಚ್ಚುವ ಈಡಿಸ್ ಡೆಂಗಿ ತರುತ್ತದೆ. ಮನೆಯಲ್ಲಿ ಕೂಡಿಟ್ಟ ತಿಳಿನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ನಲ್ಲಿ ನೀರು ಹೊತ್ತಿಗೆ ಮಾತ್ರ ಬರುವ ಊರಿನಲ್ಲಿ ನೀರು ಕೂಡಿಡದೆ ಬದುಕುವುದು ಹೇಗೆ? ಹಾಗಾಗಿ ಲಾಡ್ಜಿನಲ್ಲಿ ಪ್ರತಿ ಡ್ರಮ್ಮಿಗೂ ಮುಚ್ಚಳವಿದೆಯೇ ಎಂದು ನೋಡಬೇಕು. ರಾತ್ರಿ ಕಚ್ಚುವ ಅನಾಫಿಲಿಸ್ ಮಲೇರಿಯಾ ತರುತ್ತದೆ. ಅದರ ಕಾಟ ಊರ ನಡುವಿಗಿಂತ ಅಂಚಿನಲ್ಲಿ ಹೆಚ್ಚು. ಇಕಿಟೋಸ್–ನೌಟಾ ರಸ್ತೆಯ ಆಸುಪಾಸಿನಲ್ಲಿ ಸಂಶೋಧಕರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಾಡು ಕಡಿದ ಜಾಗಗಳಲ್ಲಿ ಈ ಸೊಳ್ಳೆ ಮನುಷ್ಯರನ್ನು ಕಚ್ಚುವ ಪ್ರಮಾಣ, ಕಾಡು ಹಾಗೆಯೇ ಇರುವ ಜಾಗಗಳಿಗಿಂತ 200 ಪಟ್ಟಿಗೂ ಹೆಚ್ಚು ಎಂದು ಅವರು ಕಂಡರು. ಮರ ಹೋದಲ್ಲಿ ಬಿಸಿಲು ಬೀಳುತ್ತದೆ, ಅಲ್ಲಿ ನಿಂತ ನೀರು ಆ ಸೊಳ್ಳೆಗೆ ಹೇಳಿಮಾಡಿಸಿದ ಜಾಗ. ಅಂದರೆ ದಟ್ಟಕಾಡು ರೋಗದ ತವರೆಂಬ ನಮ್ಮ ಹಳೆಯ ಭಯ ಪೂರ್ತಿ ಸರಿಯಲ್ಲ. ಇಲ್ಲಿ ಮಲೇರಿಯಾಕ್ಕೆ ದಾರಿ ಮಾಡಿಕೊಟ್ಟದ್ದು ಕಾಡು ಕಡಿದದ್ದು.

ಜೊತೆಗೆ ಒಂದು ಅಗತ್ಯದ ಮಾತು. ಅಮೆಜಾನ್ ಪ್ರದೇಶಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಇದಕ್ಕೆ ಸರ್ಕಾರದ ಮಾನ್ಯತೆಯುಳ್ಳ ಕೇಂದ್ರಗಳಿವೆ, ಅಲ್ಲಿ ಒಂದು ಹಳದಿ ಪುಸ್ತಕ ಕೊಡುತ್ತಾರೆ. ಪೆರುವಿನಂಥ ದೇಶದಿಂದ ಮರಳುವಾಗ ಆ ಪುಸ್ತಕ ಕೈಯಲ್ಲಿಲ್ಲದಿದ್ದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಭಾರತದಲ್ಲಿ ಈಡಿಸ್ ಸೊಳ್ಳೆ ಬೇಕಾದಷ್ಟಿದೆ, ಹಳದಿ ಜ್ವರ ಇಲ್ಲ. ಆ ಜ್ವರ ಒಳಗೆ ಬಾರದಿರಲೆಂದು ಈ ನಿಯಮ. ಅದನ್ನು ಮನಸಾರೆ ಪಾಲಿಸಬೇಕು.

ಊಟದ ವಿಷಯಕ್ಕೆ ಬರೋಣ. ಸಾದಾ ಲಾಡ್ಜುಗಳಲ್ಲಿ ಬೆಳಗಿನ ತಿಂಡಿಯೆಂದರೆ ಬ್ರೆಡ್ಡು, ಮೊಟ್ಟೆ, ಕಾಫಿ, ಒಂದು ಲೋಟ ಹಣ್ಣಿನ ರಸ. ಮಧ್ಯಾಹ್ನದ ಊಟಕ್ಕೆ ಬೀದಿಯ ಸಣ್ಣ ಊಟದ ಮನೆಗಳಿವೆ. ಅಲ್ಲಿ ಮೆನು ಎಂದು ಕೇಳಿದರೆ ಒಂದೇ ಬೆಲೆಗೆ ಸೂಪು, ಅನ್ನದ ತಟ್ಟೆ, ಕುಡಿಯಲು ಏನಾದರೊಂದು ಸಿಗುತ್ತದೆ. ಸಸ್ಯಾಹಾರಿಗಳು ಮಾಂಸ ಬೇಡವೆಂದಷ್ಟೇ ಹೇಳಿದರೆ ಸಾಲದು. ಕೋಳಿಯೂ ಬೇಡ, ಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಹೇಳಿದರೆ ಅನ್ನ, ಹುರುಳಿಕಾಯಿಯ ಬೀಜದ ಗೊಜ್ಜು, ಕರಿದ ಬಾಳೆಕಾಯಿ, ಬೇಯಿಸಿದ ಮರಗೆಣಸು, ಬೆಣ್ಣೆಹಣ್ಣು, ಚೋಂಟಾ ಎಂಬ ತಾಳೆಯ ಎಳೆ ತಿರುಳನ್ನು ನಾರುನಾರಾಗಿ ಸೀಳಿದ ಕೋಸಂಬರಿ, ಇಷ್ಟನ್ನು ಪ್ರೀತಿಯಿಂದಲೇ ಬಡಿಸುತ್ತಾರೆ.

ಆ ಊರಿನ ಹೆಮ್ಮೆಯ ತಿನಿಸು ಹುವಾನೆ. ಅನ್ನಕ್ಕೆ ಅರಿಸಿನ ಹಾಕಿ ಹಳದಿಯಾಗಿಸುತ್ತಾರೆ. ನಮ್ಮ ದೇಶದ ಕಡೆಯ ಈ ಬೇರು ಅಲ್ಲಿನ ಕಾಡುಸೀಮೆಯ ಅಡಿಗೆಯಲ್ಲಿ ಚೆನ್ನಾಗಿ ನೆಲೆಯೂರಿದೆ. ಕೋಳಿಯ ತುಂಡು, ಬೇಯಿಸಿದ ಮೊಟ್ಟೆ, ಒಂದು ಆಲಿವ್ ಕಾಯಿ ಇಟ್ಟು, ಬಿಹಾವೋ ಎಂಬ ಅಗಲ ಎಲೆಯಲ್ಲಿ ಗಂಟು ಕಟ್ಟಿ ಬೇಯಿಸುತ್ತಾರೆ. ನಮ್ಮಲ್ಲಿ ಅರಿಸಿನದೆಲೆಯ ಕಡುಬು ಬಿಚ್ಚಿದಾಗ ಬರುವಂತೆ, ಗಂಟು ಬಿಚ್ಚಿದೊಡನೆ ಮೊದಲು ಎಲೆಯ ಪರಿಮಳ ಮೂಗಿಗೆ ಬಡಿಯುತ್ತದೆ. ಜೂನ್ 24ರ ಸ್ಯಾನ್ ಹುವಾನ್ ಹಬ್ಬಕ್ಕೆ ಮನೆಮನೆಯಲ್ಲೂ ಇದನ್ನು ಮಾಡುತ್ತಾರೆ. ದೋಣಿಯಲ್ಲಿ ಹೋಗುವವರು ಬುತ್ತಿಗೆ ಕಟ್ಟಿಕೊಳ್ಳುವುದೂ ಇದನ್ನೇ.

ಇನ್ನೊಂದನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕು. ಲಾಡ್ಜಿನ ತಿರುವಿನಲ್ಲಿ ಒಬ್ಬಾಕೆ ದಿನವೂ ಅಗ್ವಾಹೆ ಹಣ್ಣು ಮಾರುತ್ತಿದ್ದರು. ಕೋಳಿಮೊಟ್ಟೆಯ ಗಾತ್ರ, ಮೈಮೇಲೆ ಕೆಂಗಂದು ಬಣ್ಣದ ಹೊಳೆಯುವ ಹುರುಪೆ. ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿದರೆ ಹುರುಪೆ ಸಡಿಲಾಗುತ್ತದೆ. ಚಮಚದ ಅಂಚಿನಿಂದ ಅದನ್ನು ಕೆರೆದು ತೆಗೆದರೆ ಒಳಗೆ ಕಿತ್ತಳೆ ಬಣ್ಣದ ತೆಳುವಾದ ತಿರುಳು, ಅದರೊಳಗೆ ದೊಡ್ಡ ಬೀಜ. ಉಪ್ಪು ಸವರಿ ತಿನ್ನುತ್ತಾರೆ, ಇಲ್ಲವೇ ನೀರಿನಲ್ಲಿ ಕಿವುಚಿ ಸಕ್ಕರೆ ಹಾಕಿ ಅಗ್ವಾಹಿನಾ ಎಂಬ ಪಾನಕ ಮಾಡುತ್ತಾರೆ. ಊರಿಗೆ ಊರೇ ಇದನ್ನು ತಿನ್ನುತ್ತದೆ. ಈ ಹಣ್ಣು ಬಿಡುವ ತಾಳೆ ಬೆಳೆಯುವುದು ಜೌಗುಕಾಡಿನಲ್ಲಿ. ಅಲ್ಲಿ ಕೊಳೆಯದೆ ಉಳಿದ ಎಲೆ ಕಡ್ಡಿ ಬೇರು ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂಡುತ್ತ ಬಂದು ಅಪಾರ ಇಂಗಾಲವನ್ನು ನೆಲದೊಳಗೆ ಹಿಡಿದಿಟ್ಟಿದೆ. ಆದರೆ ಮರ ಬಹಳ ಎತ್ತರ, ಹಣ್ಣು ಬಿಡುವುದು ಹೆಣ್ಣು ಮರ ಮಾತ್ರ. ಹತ್ತುವುದು ಕಷ್ಟವೆಂದು ಹಣ್ಣಿಗಾಗಿ ಮರವನ್ನೇ ಉರುಳಿಸುವ ರೂಢಿ ಬೆಳೆಯಿತು. ಹೆಣ್ಣು ಮರಗಳು ಹೋದ ಜೌಗಿನಲ್ಲಿ ಮುಂದಿನ ತಲೆಮಾರು ಎಲ್ಲಿಂದ ಬರಬೇಕು? ಈಗ ಎಷ್ಟೋ ಹಳ್ಳಿಗಳಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮರ ಹತ್ತಿ ಗೊನೆ ಇಳಿಸುವುದನ್ನು ಕಲಿಸುತ್ತಿದ್ದಾರೆ. ಬೀದಿಯಲ್ಲಿ ಒಂದು ಲೋಟ ಪಾನಕ ಕುಡಿಯುವವರಿಗೆ ಇದು ತಿಳಿದಿರಬೇಕು. ಊರಿನ ಸುತ್ತಲಿನ ಕಾಡು ಎಷ್ಟು ಸಮೃದ್ಧವೆಂಬುದಕ್ಕೂ ಒಂದು ಲೆಕ್ಕವಿದೆ. ಇಕಿಟೋಸ್ ಹತ್ತಿರದ ಯಾನಮೋನೋ ಎಂಬಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಆಲ್ವಿನ್ ಜೆಂಟ್ರಿ ಒಂದೇ ಹೆಕ್ಟೇರಿನಲ್ಲಿ ಸುಮಾರು 300 ಜಾತಿಯ ಮರಗಳನ್ನು ಎಣಿಸಿ 1988ರಲ್ಲಿ ಜಗತ್ತಿಗೆ ತಿಳಿಸಿದರು. ಅಂಥ ಕಾಡು ಇದು.

ಲಾಡ್ಜಿನಿಂದ ನಡೆದುಹೋಗುವಷ್ಟು ದೂರದಲ್ಲಿ ಬೆಲೆನ್ ಸಂತೆಯಿದೆ. ಮೀನು, ಬಾಳೆಗೊನೆ, ಗಿಡಮೂಲಿಕೆ, ಮರದ ತೊಗಟೆ ಹಾಕಿದ ಬಾಟಲಿಗಳು, ಎಲೆಯ ಕಟ್ಟುಗಳು. ಸಂತೆಯ ಕೆಳಗೆ, ಇತಾಯಾ ನದಿಯ ಪಾತ್ರದಲ್ಲಿ, ಬೆಲೆನ್ ಬಡಾವಣೆ. ಮನೆಗಳಿಗೆ ಎತ್ತರದ ಮರದ ಕಂಬಗಳ ಕಾಲು, ಕೆಲವಕ್ಕೆ ಕೆಳಗೆ ಹಗುರ ಮರದ ದಿಮ್ಮಿಗಳು, ನೀರೇರಿದಾಗ ಮನೆಯೂ ತೇಲುತ್ತದೆ. ನೀರಿಳಿದ ಕಾಲಕ್ಕೂ ನೆರೆಯ ಕಾಲಕ್ಕೂ ನದಿಯ ಮಟ್ಟದಲ್ಲಿ ಹತ್ತು ಮೀಟರಿನಷ್ಟು ವ್ಯತ್ಯಾಸ ಇರಬಹುದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಕ್ಕಳು ಚೆಂಡಾಡುವ ಜಾಗದಲ್ಲಿ ಏಪ್ರಿಲ್, ಮೇ ಹೊತ್ತಿಗೆ ದೋಣಿ ಓಡಾಡುತ್ತದೆ. 2012ರ ಮಹಾನೆರೆಯಲ್ಲಿ ಕಂಬದ ಮೇಲಿನ ಮನೆಗಳೊಳಗೂ ನೀರು ಹೊಕ್ಕಿತು. ಬೆಲೆನ್‌ನವರ ಬದುಕು ಕಷ್ಟದ್ದು. ಚರಂಡಿಯಿಲ್ಲ, ಕುಡಿಯುವ ನೀರಿಗೆ ಪರದಾಟ. ಅಲ್ಲಿಗೆ ಕ್ಯಾಮೆರಾ ಹಿಡಿದು ಮನೆಯೊಳಗೆ ಇಣುಕುವ ಪ್ರವಾಸಿಗರನ್ನು ಕಂಡು ನನಗೆ ಸಂಕಟವಾಯಿತು. ಆ ಜಾಗಕ್ಕೆ ಹೋಗುವುದಾದರೆ ಸಾಮಾನು ಕೊಳ್ಳಲು ಹೋಗಬೇಕು, ಊಟಕ್ಕೆ ಹೋಗಬೇಕು, ಅಲ್ಲಿಯವರೇ ಹುಟ್ಟು ಹಾಕುವ ದೋಣಿಗೆ ಬಾಡಿಗೆ ಕೊಟ್ಟು ಹೋಗಬೇಕು.

ಊರಿನ ಅಳತೆಯನ್ನು ಮೀರಿದ ಸುಖಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಕೂಡ ಇಕಿಟೋಸ್ ತೋರಿಸಿಕೊಡುತ್ತದೆ. 1880ರ ದಶಕದಿಂದ 1910ರ ದಶಕದ ಆರಂಭದವರೆಗೆ ಇಲ್ಲಿ ರಬ್ಬರಿನ ಸುಗ್ಗಿ. ಕಾಡಿನ ಮರದ ಹಾಲು ಯೂರೋಪು ಅಮೆರಿಕಗಳ ಟೈರಾಯಿತು, ರಬ್ಬರ್ ವ್ಯಾಪಾರಿಗಳ ಕೈಯಲ್ಲಿ ಹಣ ಹೊಳೆಯಾಯಿತು. ಮುಖ್ಯ ಚೌಕದ ಮೂಲೆಯಲ್ಲಿ ಇವತ್ತಿಗೂ ಒಂದು ಕಬ್ಬಿಣದ ಮನೆ ನಿಂತಿದೆ. ಯೂರೋಪಿನಲ್ಲಿ ತಯಾರಾದ ತಗಡು, ತೊಲೆಗಳನ್ನು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು. ಈ ಸೆಖೆಯಲ್ಲಿ ಕಬ್ಬಿಣದ ಮನೆ! ವ್ಯಾಪಾರಿಗಳ ಬಂಗಲೆಗಳ ಗೋಡೆಗೆ ಪೋರ್ಚುಗಲ್‌ನ ಬಣ್ಣದ ಹೆಂಚು. ನದಿದಡದ ಬೀದಿಯಲ್ಲಿ 1912ರ ಹೊತ್ತಿಗೆ ಪ್ಯಾಲೇಸ್ ಎಂಬ ವೈಭವದ ಹೋಟೆಲು ಎದ್ದು ನಿಂತಿತು, ಅದಕ್ಕೂ ಸಾಮಗ್ರಿ ಬಂದದ್ದು ಸಾಗರದಾಚೆಯಿಂದ. ಅದು ಮುಗಿದ ಕಾಲಕ್ಕೆ ಸುಗ್ಗಿಯೇ ಮುಗಿಯಿತು. ಈಗ ಆ ಕಟ್ಟಡ ಸೈನ್ಯದ ವಶದಲ್ಲಿದೆ.

ಈ ವೈಭವದ ಹಿಂದೆ ಪುಟುಮಾಯೋ ನದಿಯ ಕಾಡುಗಳಲ್ಲಿ ನಡೆದ ಕ್ರೌರ್ಯವಿತ್ತು. ಹೂಲಿಯೋ ಸೇಸರ್ ಅರಾನಾ ಎಂಬ ವ್ಯಾಪಾರಿಯ ಕಂಪನಿ ಉಯಿತೋತೋ, ಬೋರಾ ಮುಂತಾದ ಬುಡಕಟ್ಟಿನವರನ್ನು ಗುಲಾಮರಾಗಿಸಿ ರಬ್ಬರು ತರಿಸಿತು. ತೂಕ ಕಡಿಮೆಯಾದರೆ ಚಾಟಿಯೇಟು, ಉಪವಾಸ, ಕೊಲೆ. ಸತ್ತವರು ಸಾವಿರಾರು. ಬ್ರಿಟಿಷ್ ಕಾನ್ಸುಲ್ ಜನರಲ್ ರೋಜರ್ ಕೇಸ್‌ಮೆಂಟ್ 1910ರಲ್ಲಿ ಇಕಿಟೋಸ್‌ಗೆ ಬಂದು ವಿಚಾರಣೆ ನಡೆಸಿದರು. ಅವರ ವರದಿ 1912ರಲ್ಲಿ ಪ್ರಕಟವಾದಾಗ ಲೋಕ ಬೆಚ್ಚಿತು. ನೊಬೆಲ್ ಪಡೆದ ಪೆರುವಿನ ಸಾಹಿತಿ ಮಾರಿಯೋ ವರ್ಗಾಸ್ ಯೋಸಾ 2010ರಲ್ಲಿ ಕೇಸ್‌ಮೆಂಟ್ ಕುರಿತು ಒಂದು ಕಾದಂಬರಿಯನ್ನೇ ಬರೆದರು.

ಸುಗ್ಗಿ ಮುಗಿಸಿದ ಕಾರಣದ ಒಂದು ತುದಿ ನಮ್ಮ ನಾಡಿನಲ್ಲಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲಿನ ಅಮೆಜಾನ್ ಕಾಡಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೂ ಮಲಯಕ್ಕೂ ಬಂದವು. ಏಷ್ಯಾದ ತೋಟಗಳ ಅಗ್ಗದ ರಬ್ಬರು ಮಾರುಕಟ್ಟೆಗೆ ಇಳಿದೊಡನೆ ಅಮೆಜಾನಿನ ವ್ಯಾಪಾರ ಕುಸಿಯಿತು. ಕೇರಳದ, ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ಮರಗಳ ವಂಶ ಆ ಬೀಜಗಳದೇ. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಕಂಡದ್ದು ಕೂಡ ಇದೇ ಕಥೆಯ ಮುಂದಿನ ಎಳೆ. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗಿಗೆ ಹೊರಡುವ ನಮ್ಮ ರೈತರಿಗೂ ಕಾರ್ಮಿಕರಿಗೂ ಇಕಿಟೋಸ್ ಪೂರ್ತಿ ಅಪರಿಚಿತ ಊರಲ್ಲ.

ರಸ್ತೆಯಿಲ್ಲದಿರುವುದು ಬರಿಯ ಸೊಗಸೆಂದು ನಾನು ಹೇಳಲಾರೆ. 2020ರಲ್ಲಿ ಕೊರೋನಾ ಬಂದಾಗ ಇಕಿಟೋಸ್ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದುಹೋಯಿತು. ಹೊರಗಿನಿಂದ ಬೇಗ ಸಿಲಿಂಡರು ತರಬೇಕೆಂದರೆ ವಿಮಾನದಲ್ಲೇ ತರಬೇಕು. ಇದ್ದ ಸಿಲಿಂಡರುಗಳ ಬೆಲೆ ಗಗನಕ್ಕೇರಿತು. ಆಗ ಊರಿನ ಚರ್ಚಿನ ಪಾದ್ರಿಗಳು ಜನರ ಮುಂದೆ ಕೈಚಾಚಿದರು. ಜನ ತಮ್ಮ ಕೈಲಾದಷ್ಟು ಕೊಟ್ಟರು, ಆ ಹಣದಿಂದ ಆಮ್ಲಜನಕ ಘಟಕ ಬಂತು. ಒಬ್ಬರನ್ನೊಬ್ಬರು ನಂಬಿಕೊಂಡು ಬದುಕುವ ಈ ಗುಣವನ್ನು ನಾನು ಲಾಡ್ಜಿನಲ್ಲೂ ದಿನವೂ ಕಂಡೆ. ಪಕ್ಕದ ಮನೆಯ ಟ್ಯಾಂಕು ಖಾಲಿಯಾದರೆ ಇಲ್ಲಿಂದ ಪೈಪು ಹೋಗುತ್ತಿತ್ತು. ದೋಣಿ ತಡವಾಗಿ ಬಂದು ಕೋಣೆ ಸಿಗದವರಿಗೆ ಮೊಗಸಾಲೆಯಲ್ಲಿ ಜೋಲಿ ಕಟ್ಟಿಕೊಳ್ಳಲು ಜಾಗ ಸಿಗುತ್ತಿತ್ತು.

ಕಾಡಿನೊಳಗೆ ದುಬಾರಿ ರೆಸಾರ್ಟುಗಳೂ ಇವೆ. ಹಕ್ಕಿ ನೋಡಲು, ಗುಲಾಬಿ ಡಾಲ್ಫಿನ್ ನೋಡಲು ಅವು ಅನುಕೂಲ, ಅಲ್ಲಿ ದುಡಿಯುವ ಸ್ಥಳೀಯರೂ ಇದ್ದಾರೆ. ಆದರೆ ವಿಮಾನ ನಿಲ್ದಾಣದಿಂದ ನೇರ ದೋಣಿಗೆ, ದೋಣಿಯಿಂದ ಎಸಿ ಕೋಣೆಗೆ ಹೋದವರು ಊರನ್ನು ಕಾಣದೆಯೇ ಮರಳುತ್ತಾರೆ. ಸಾದಾ ಲಾಡ್ಜಿಗೆ ಕೊಟ್ಟ ಹಣ ಆ ಬೀದಿಯಲ್ಲೇ ಸುತ್ತುತ್ತದೆ. ಬಟ್ಟೆ ಒಗೆಯುವಾಕೆಗೆ, ಬ್ರೆಡ್ಡಿನಂಗಡಿಗೆ, ಮೋಟೊಕಾರ್ರೊ ಚಾಲಕನಿಗೆ, ಅಗ್ವಾಹೆ ಮಾರುವವರಿಗೆ ಅದು ತಲುಪುತ್ತದೆ. ಮರ ಕಡಿಯದೆ ನಾಲ್ಕು ಕಾಸು ದುಡಿಯುವ ದಾರಿ ನಗರದಲ್ಲಿ ಇದ್ದಷ್ಟೂ ಕಾಡಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೋಗುವವರಿಗೆ ಕೆಲವು ಮಾತು. ಕೋಣೆ ಹಿಡಿಯುವ ಮೊದಲು ಒಳಗೆ ಹೋಗಿ ನೋಡಿ. ಫ್ಯಾನು ತಿರುಗಿಸಿ ನೋಡಿ, ಕಿಂಡಿಯ ಜಾಲರಿ ಹರಿದಿಲ್ಲವೇ ಪರೀಕ್ಷಿಸಿ, ನೀರು ಯಾವ ಹೊತ್ತಿಗೆ ಬರುತ್ತದೆಂದು ಕೇಳಿ. ಬೀದಿಯ ಕಡೆಯ ಕೋಣೆಗಿಂತ ಹಿಂಬದಿಯ ಕೋಣೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಸೊಳ್ಳೆಪರದೆ ಜೊತೆಗೆ ಒಯ್ಯಿರಿ. ನಲ್ಲಿ ನೀರು ಕುಡಿಯಬೇಡಿ, ಕುದಿಸಿದ ನೀರು ಕೇಳಿ ಪಡೆಯಿರಿ. ಹತ್ತಿಯ ತೆಳುಬಟ್ಟೆ ಇರಲಿ, ಚರ್ಮದ ಸಾಮಾನು ಮನೆಯಲ್ಲೇ ಇರಲಿ. ಕಾಡುಪ್ರಾಣಿಯ ಮಾಂಸ, ಚರ್ಮ, ಗರಿ ಯಾರು ಎಷ್ಟೇ ಒತ್ತಾಯಿಸಿದರೂ ಕೊಳ್ಳಬೇಡಿ. ಕಾಡಿಗೆ ಕರೆದೊಯ್ಯುತ್ತೇವೆಂದು ಬೀದಿಯಲ್ಲಿ ಬೆನ್ನುಹತ್ತುವವರನ್ನು ಬಿಟ್ಟು, ಲಾಡ್ಜಿನವರನ್ನೇ ವಿಚಾರಿಸಿ. ಆಯವಾಸ್ಕಾ ಎಂಬ ಕಷಾಯದ ಆಕರ್ಷಣೆಗೆ ದೇಶವಿದೇಶದವರು ಅಲ್ಲಿಗೆ ಬರುತ್ತಾರೆ. ಅಲ್ಲಿನ ಬುಡಕಟ್ಟುಗಳಿಗೆ ಅದು ಆರಾಧನೆಯ ವಸ್ತು, ನಮ್ಮ ಕುತೂಹಲಕ್ಕೆ ಕುಡಿಯುವ ಪಾನೀಯವಲ್ಲ. ಹೃದಯದ ಅಥವಾ ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಪ್ರಾಣಾಪಾಯವೂ ಉಂಟು.

ಎಲ್ಲಕ್ಕಿಂತ ಮುಖ್ಯವಾಗಿ, ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮಳೆಗೆ ವಿಮಾನ ನಿಲ್ಲುತ್ತದೆ, ನೀರಿಳಿದರೆ ದೋಣಿ ತಡವಾಗುತ್ತದೆ. ಊರು ತನ್ನ ನದಿಯನ್ನೂ ಮಳೆಯನ್ನೂ ಕಾಯುತ್ತದೆ, ಅಲ್ಲಿಗೆ ಹೋದವರೂ ಕಾಯಬೇಕು. ನಮಗೆ ಬೇಕಾದದ್ದನ್ನೆಲ್ಲ ಹೋದಲ್ಲೆಲ್ಲ ಬೇಕೆಂದು ಕೇಳುವ ಪ್ರವಾಸ ಕಾಡಿಗೂ ಭಾರ, ಕಾಡಿನ ಜನರಿಗೂ ಭಾರ. ಆ ಊರಿಗೆ ಎಷ್ಟು ಕೊಡಲಾಗುತ್ತದೋ ಅಷ್ಟನ್ನು ಪಡೆದು, ಅದರ ನ್ಯಾಯವಾದ ಬೆಲೆ ಕೊಟ್ಟು, ಅಲ್ಲಿನವರ ಹೆಸರು ಕೇಳಿ ಮಾತನಾಡಿಸಿ ಬರುವುದು ಅತಿಥಿಯ ಧರ್ಮ. ಕೊಡಗಿನಲ್ಲಿ, ಆಗುಂಬೆಯಲ್ಲಿ, ದಾಂಡೇಲಿಯಲ್ಲಿ ಕೋಣೆ ಹಿಡಿಯುವಾಗಲೂ ಈ ಧರ್ಮ ನಮ್ಮ ಜೊತೆಗಿರಲಿ ಎಂದು ಕೇಳಿಕೊಳ್ಳುತ್ತ ನನ್ನ ಮಾತು ಮುಗಿಸುತ್ತೇನೆ.